ಬಾಗಿಲಲ್ಲಿ ಹೇಳಿದ ಹೆಸರು

ಹೈದರಾಬಾದ್
8 ಜುಲೈ 2024

ಅವ್ವಾ,

ನಿನ್ನ ಷರತ್ತಿನಂತೆ ಕನ್ನಡದಲ್ಲೇ, ಕೈಯಿಂದಲೇ ಬರೆಯುತ್ತಿದ್ದೇನೆ. ಒತ್ತಕ್ಷರ ತಪ್ಪಿದ್ದರೆ ಕೆಂಪು ಪೆನ್ನಿನಲ್ಲಿ ಗುರುತು ಹಾಕಿ ವಾಪಸ್ ಕಳಿಸಬೇಡ, ನನಗೀಗ ಮೂವತ್ತೇಳು ವರ್ಷ. ಫೋನಿನಲ್ಲಿ ಈ ವಿಷಯ ಎತ್ತಿದ ಕೂಡಲೇ ನೀನು "ಹಾಲು ಉಕ್ಕಾಕತ್ತದ, ಇಡ್ತೀನಿ" ಎಂದುಬಿಡುತ್ತೀಯ. ಈ ತಿಂಗಳಲ್ಲಿ ಮೂರು ಸಲ ಉಕ್ಕಿದೆ. ಕಾಗದದಲ್ಲಿ ಹಾಲು ಉಕ್ಕುವುದಿಲ್ಲವಲ್ಲ, ಅದಕ್ಕೇ ಬರೆದೆ.

ನಾನು ಸಂಕಲನ ಮಾಡುತ್ತಿರುವ ಸಿನಿಮಾ ಕಥೆಯ ಸಿನಿಮಾ ಅಲ್ಲ. ಭೂಮಿಗಾಗಿ, ಕೂಲಿಗಾಗಿ ಹಳ್ಳಿಹಳ್ಳಿಗಳಲ್ಲಿ ಎದ್ದ ಜನರಲ್ಲಿ ಸತ್ತುಹೋದವರ ಸಾಕ್ಷ್ಯಚಿತ್ರ. ನಿರ್ದೇಶಕ ಜೈಪಾಲ ಸರ್ ಅವರ ರೀತಿಯೇ ಬೇರೆ. ಪರದೆಯ ಮೇಲೆ ಒಂದು ಮುಖವೂ ಬರುವುದಿಲ್ಲ. ಕೊಯ್ದ ಹೊಲ, ಬಿದ್ದ ಗೋಡೆ, ಹಾಳು ಬಾವಿ, ಅಷ್ಟೇ. ಹಿನ್ನೆಲೆಯ ವಿವರಣೆಯೂ ಇಲ್ಲ. ಸತ್ತವರೊಡನೆ ಬದುಕಿದ ಯಾರಾದರೂ ಒಬ್ಬರು ಅವರ ಹೆಸರು ಹೇಳಬೇಕು. ಹೇಳಿದ ಕೂಡಲೇ ಆ ಹೆಸರು ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರದಲ್ಲಿ ಮೂಡುತ್ತದೆ. ಬಾಯಿಬಿಟ್ಟು ಹೇಳದ ಹೆಸರು ಮೂಡುವುದಿಲ್ಲ. ಇದೊಂದೇ ನಿಯಮ. ಒಟ್ಟು ನಲವತ್ತೊಂದು ಹೆಸರು.

ಸರ್ ಹತ್ತಿರ ಒಂದು ದೊಡ್ಡ ಹಾಳೆ ಇದೆ. ಅದರಲ್ಲಿ ಖಾನೆಗಳು: ಭಾಷೆ, ಜಾತಿ, ಹೆಣ್ಣೋ ಗಂಡೋ, ಯಾವ ಜಿಲ್ಲೆ. ಯಾರೂ ಬಿಟ್ಟುಹೋಗಬಾರದು ಎಂಬುದು ಅವರ ಹಟ. ಕನ್ನಡದ ಖಾನೆ ಖಾಲಿ ಇತ್ತು. ನಾನು ಅಪ್ಪನ ಬಗ್ಗೆ ಹೇಳಿದೆ.

ನಾನು ಹೇಳಿದರೆ ನಡೆಯುವುದಿಲ್ಲ, ಅವ್ವಾ. ಅಪ್ಪನನ್ನು ಪೊಲೀಸರು ಜೀಪಿನಲ್ಲಿ ಕರೆದೊಯ್ದ ನಾಲ್ಕು ತಿಂಗಳಿಗೆ ನಾನು ಹುಟ್ಟಿದವಳು. ಮಾಣಿಕಪ್ಪ ಎಂಬ ಹೆಸರು ನನಗೆ ಮೊದಲು ಕಂಡದ್ದೇ ಶಾಲೆಯ ಹಾಜರಿ ಪುಸ್ತಕದಲ್ಲಿ. ಅಪ್ಪನಿಗೆ ಮಣ್ಣು ಹಾಕಿದ ಒಂದು ಗದ್ದುಗೆ ಇಲ್ಲ, ಒಂದು ಫೋಟೋ ಇಲ್ಲ. ಒಂದು ಸಲವಾದರೂ ಜನರೆದುರು ಆ ಹೆಸರು ಬೆಳಗಲಿ. ನೀನು ಹೇಳಬೇಕು.

ನಿನ್ನ ಉತ್ತರ ಬರುವವರೆಗೆ ಟಪಾಲಿನವನ ದಾರಿ ಕಾಯುವ
ಪ್ರೇಮಲಾ


ನಾರಾಯಣಖೇಡ್
19 ಜುಲೈ 2024

ಪ್ರೇಮಲಾ,

ಏಳು ಕಡೆ ಒತ್ತಕ್ಷರ ತಪ್ಪಿದೆ. ವಾಪಸ್ ಕಳಿಸುವುದಿಲ್ಲ, ಜೋಪಾನವಾಗಿ ಇಟ್ಟುಕೊಂಡಿದ್ದೇನೆ. ಇಪ್ಪತ್ತೆಂಟು ವರ್ಷ ಅಂಗನವಾಡಿಯಲ್ಲಿ ಊರ ಮಕ್ಕಳಿಗೆಲ್ಲ ಅಕ್ಷರ ತೀಡಿಸಿದವಳ ಮಗಳು ನೀನು. ನಾಚಿಕೆ ಯಾರಿಗಾಗಬೇಕು ಎಂದು ಯೋಚಿಸುತ್ತಿದ್ದೇನೆ.

ನಿನ್ನ ಸೋದರತ್ತೆ ಶಿವಕಾಂತಾಳಿಗೆ ಕಾಗದ ಓದಿ ಹೇಳಿದೆ. ಮುಖವಿಲ್ಲದ ಸಿನಿಮಾ ಎಂದದ್ದಕ್ಕೆ ಅವಳು, "ಮಾರಿ ತೋರ್ಸಂಗಿಲ್ಲಂದ್ರ ಕ್ಯಾಮೆರಾ ಯಾಕ ಬೇಕ್ರಿ ಅವ್ರಿಗಿ? ರೇಡಿಯೋ ಸಾಕಿತ್ತಲ್ಲ?" ಎಂದಳು. ನಿನ್ನ ಜೈಪಾಲ ಸರ್‌ಗೆ ಇದನ್ನು ಹೇಳಬೇಡ, ಬೇಜಾರು ಮಾಡಿಕೊಂಡಾರು.

ಮುಖ್ಯ ವಿಷಯಕ್ಕೆ ಬರುತ್ತೇನೆ. ನಿನಗೆ ಗೊತ್ತಿದ್ದೂ ಕೇಳುತ್ತಿದ್ದೀಯ. ನಾನು ಅವರ ಹೆಸರು ಹೇಳುವುದಿಲ್ಲ. ಹೆಂಡತಿ ಹೆಸರು ಹಿಡಿದು ಕರೆದರೆ ಗಂಡನ ಆಯುಷ್ಯ ಕಡಿಮೆಯಾಗುತ್ತದೆ ಎಂದು ನನ್ನ ಅತ್ತೆ ಮದುವೆಯ ಮಾರನೆಯ ದಿನವೇ ಹೇಳಿದ್ದರು. ನೀನು ನಗುತ್ತೀಯ, ನಗು. ಅಂಗನವಾಡಿಯಲ್ಲಿ ಯಾವ ಅರ್ಜಿಯಲ್ಲಾದರೂ 'ಗಂಡನ ಹೆಸರು' ಎಂದು ಬಂದರೆ ನಾನು ರೇಷನ್ ಕಾರ್ಡು ಮುಂದಕ್ಕೆ ತಳ್ಳುತ್ತಿದ್ದೆ, ಮೇಲಿನವರು ನೋಡಿ ಬರೆದುಕೊಳ್ಳುತ್ತಿದ್ದರು. ಬರೆಯುವುದೂ ಇಲ್ಲ, ಹೇಳುವುದೂ ಇಲ್ಲ.

ಹೇಳಿದ್ದು ಒಂದೇ ಸಲ, 1981ರಲ್ಲಿ, ಮದುವೆಯಾಗಿ ಮನೆ ತುಂಬುವಾಗ. ಹದಿನಾರು ವರ್ಷದ ಶಿವಕಾಂತಾ ಬಾಗಿಲಿಗೆ ಎರಡೂ ಕೈ ಅಡ್ಡ ಹಿಡಿದು ನಿಂತಿದ್ದಳು. "ನಮ್ಮ ಅಣ್ಣನ ಹೆಸರ ಹೇಳು ವೈನಿ, ಇಲ್ಲಂದ್ರ ಒಳಗ ಬಿಡಂಗಿಲ್ಲ." ಒಡಪು ಕಟ್ಟಿ, ಪ್ರಾಸದಲ್ಲಿ ಸೇರಿಸಿ ಹೇಳಿದರೆ ದೋಷವಿಲ್ಲವಲ್ಲ. ಹಾಗೆ ಹೇಳಿ ಒಳಗೆ ಬಂದೆ. ಆ ಒಡಪನ್ನು ಇಲ್ಲಿ ಬರೆಯುವುದಿಲ್ಲ, ಅದರಲ್ಲಿ ಹೆಸರಿದೆ.

ಮೊನ್ನೆ ಶಿವಕಾಂತಾ ಸೊಪ್ಪು ಸೋಸುತ್ತ ಮೆಲ್ಲಗೆ ಅಂದಳು: "ಅಣ್ಣ ಹೋಗ್ಯಾನ ವೈನಿ. ಮೂವತ್ತೆಂಟು ವರ್ಸ ಆತು." ನಾನು, "ಹೋದವ್ರು ಬರಬಾರ್ದಂತ ಎಲ್ಲಿ ಬರದಾರ?" ಎಂದೆ. ಅವಳು ಸೊಪ್ಪಿನ ಬುಟ್ಟಿ ಎತ್ತಿಕೊಂಡು ಎದ್ದುಹೋದಳು.

ನಿನ್ನ ಸಿನಿಮಾದವರು ಬರಲಿ. ಚಹಾ ಮಾಡಿಕೊಡುತ್ತೇನೆ, ನಿನ್ನ ಅಪ್ಪನ ಬಗ್ಗೆ ಎಷ್ಟು ಬೇಕಾದರೂ ಮಾತಾಡುತ್ತೇನೆ. ಹೆಸರಿನ ಮಾತು ಮಾತ್ರ ಬೇಡ.

ಬೈದರೂ ನಿನ್ನವಳೇ ಆದ
ಅವ್ವ


ನಾರಾಯಣಖೇಡ್
27 ಆಗಸ್ಟ್ 2024

ಪ್ರೇಮಲಾ,

ನಿನ್ನ ಸಿನಿಮಾದವರು ಬಂದು ಹೋದರು. ನೀನೂ ಬರುತ್ತೀಯೆಂದು ಜೀಪು ನಿಂತ ಕೂಡಲೇ ಹಿಂದಿನ ಸೀಟಿನತ್ತ ಇಣುಕಿದೆ. "ಮಗಳು ಎದುರಿಗಿದ್ದರೆ ತಾಯಿ ಮಗಳಿಗಾಗಿ ಮಾತಾಡ್ತಾಳೆ, ಅದಕ್ಕೇ ಕರ್ಕೊಂಡು ಬರಲಿಲ್ಲ" ಎಂದರು ಜೈಪಾಲರು. ಜೀಪು ನೋಡಿ ನನಗೆ ಏನು ನೆನಪಾಯಿತೆಂದು ಅವರಿಗೆ ಹೇಳಲಿಲ್ಲ.

ಮನುಷ್ಯ ಕೆಟ್ಟವನಲ್ಲ. ಬೇಡವೆಂದರೂ ಚಪ್ಪಲಿ ಬಿಟ್ಟು ಬಂದು ಚಾಪೆಯ ಮೇಲೆ ಕೂತರು. ಸದ್ದಾಗಬಾರದೆಂದು ಫ್ಯಾನು ಬಂದ್, ಪಕ್ಕದ ಮನೆಯ ಮಿಕ್ಸಿ ಬಂದ್, ಶಿವಕಾಂತಾಳ ಕೆಮ್ಮು ಸಹ ಬಂದ್. ಅವರೊಡನೆ ಭೀಮಮ್ಮಳೂ ಬಂದಿದ್ದಳು. ಬೆಳಿಗ್ಗೆ ನಾಗಲಗಿದ್ದದ ಕಡೆಯ ನಮ್ಮ ಹಳೆಯ ಊರಿನಲ್ಲಿ ಅವಳ ಮಾತು ಹಿಡಿದುಕೊಂಡಿದ್ದರಂತೆ. ನಿನಗೆ ನೆನಪಿರಬೇಕು, ಅವಳ ಗಂಡ ಮೊಗಲಪ್ಪನನ್ನೂ ಅದೇ ದಿನ, ಅದೇ ಜೀಪಿನಲ್ಲಿ ಒಯ್ದಿದ್ದರು. ಮೂರನೆಯ ದಿನ ಮೊಗಲಪ್ಪನ ಹೆಣ ಸಿಕ್ಕಿತು. ನಮ್ಮವರದು ಸಿಗಲಿಲ್ಲ.

ಭೀಮಮ್ಮ ಒಂದೇ ಉಸಿರಿಗೆ ಗಂಡನ ಹೆಸರು ಹೇಳಿದಳಂತೆ. ತೆಲುಗಿನಲ್ಲಿ ಹೇಳು ಎಂದರಂತೆ, ತೆಲುಗಿನಲ್ಲೇ ಹೇಳಿದಳಂತೆ. ನಾನು ಜೈಪಾಲರನ್ನು ಕೇಳಿದೆ: ಇವಳೂ ಮನೆಯಲ್ಲಿ ಆಡುವುದು ಕನ್ನಡವೇ, ಇವಳನ್ನೇಕೆ ಕನ್ನಡದ ಖಾನೆಯಲ್ಲಿ ಹಾಕಲಿಲ್ಲ? ಅವರು ಹಾಳೆ ತೆಗೆದು ನೋಡಿ, ಭೀಮಮ್ಮಳನ್ನು ದಲಿತ ಮಹಿಳೆಯರ ಖಾನೆಯಲ್ಲಿ ಬರೆದಾಗಿದೆ, ಒಬ್ಬರು ಎರಡು ಕಡೆ ಬರುವುದಿಲ್ಲ ಎಂದರು. ನಮ್ಮೂರಿನಲ್ಲಿ ನಾವು ನೀರು ಸೇದಿದ ಬಾವಿ ಬೇರೆ ಬೇರೆ, ಆಡಿದ ಮಾತು ಒಂದೇ. ಅವರ ಹಾಳೆಯಲ್ಲಿ ಮಾತೂ ಬೇರೆಯಾಯಿತು.

ನಲವತ್ತು ನಿಮಿಷ ಮಾತಾಡಿದೆ. ನಾಲ್ಕು ಎಕರೆ ಸ್ವಂತ ಹೊಲವಿದ್ದೂ ಅವರು ಕೂಲಿಯವರ ಸಾಲಿನಲ್ಲಿ ಹೋಗಿ ಕೂತದ್ದು, ಕರಪತ್ರ ಕನ್ನಡದಲ್ಲಿ ಬರೆದು ನನ್ನಿಂದ ನಕಲು ಮಾಡಿಸಿದ್ದು, ಮೊಗಲಪ್ಪನ ಮನೆಯಲ್ಲಿ ಉಂಡರೆಂದು ನಮ್ಮ ಬೀಗರೇ ನಮ್ಮಲ್ಲಿ ನೀರು ಮುಟ್ಟದೇ ಹೋದದ್ದು, ಎಲ್ಲ ಹೇಳಿದೆ. ತೊಗರಿ ಕೊಯ್ಲಿಗೆ ಸರಿಯಾದ ಕೂಲಿ ಕೊಡುವವರೆಗೂ ಕುಡುಗೋಲು ಹಿಡಿಯುವುದಿಲ್ಲವೆಂದು ಊರೆಲ್ಲ ಕೂತ ಹನ್ನೊಂದು ದಿನದ ಕಥೆ ಹೇಳಿದೆ. ಹನ್ನೆರಡನೆಯ ದಿನ ಜೀಪು ಬಂತು. "ರೊಟ್ಟಿ ಮುಚ್ಚಿಡು, ಬರ್ತೀನಿ" ಎಂದು ಹೋದರು. ಮುಚ್ಚಿಟ್ಟೆ. ಇವತ್ತಿಗೂ ಒಂದು ರೊಟ್ಟಿ ಹೆಚ್ಚಿಗೆ ತಟ್ಟಿ ಮುಚ್ಚಿಡುತ್ತೇನೆ. ಬೆಳಿಗ್ಗೆ ಶಿವಕಾಂತಾ ಅದನ್ನು ಮುರಿದು ಚಹಾದಲ್ಲಿ ಅದ್ದಿಕೊಂಡು ತಿನ್ನುತ್ತಾಳೆ, ಅದೂ ಹೇಳಿದೆ.

ಕೊನೆಗೆ ಅವರು, "ಅವರ ಹೆಸರು ಏನಮ್ಮಾ?" ಎಂದರು.

ನನ್ನ ಬಾಯಿಗೆ ಬೀಗ ಬಿತ್ತು. ಶಿವಕಾಂತಾಳಿಗೆ ತಡೆಯಲಾಗಲಿಲ್ಲ. "ನಾ ಹೇಳ್ತೀನ್ರೀ, ನನ್ನ ಒಡಹುಟ್ಟಿದ ಅಣ್ಣ..." ಎಂದು ಬಾಯಿ ತೆರೆದಳು. ನಾನು ಕೈ ಚಾಚಿ ಅವಳ ಬಾಯಿ ಮುಚ್ಚಿಬಿಟ್ಟೆ. ಗಟ್ಟಿಯಾಗಿ ಮುಚ್ಚಿದೆ, ಪ್ರೇಮಲಾ. ಅವಳ ತುಟಿಗೆ ನನ್ನ ಬಳೆ ತಾಗಿ ಚೂರು ರಕ್ತ ಬಂತು. ಎರಡು ದಿನದಿಂದ ಅವಳು ನನ್ನೊಡನೆ ಮಾತಾಡಿಲ್ಲ.

ಭೀಮಮ್ಮ ಹೆಣ ನೋಡಿದ್ದಾಳೆ, ಮಣ್ಣು ಹಾಕಿದ್ದಾಳೆ. ನಾನು ಏನು ನೋಡಿದ್ದೇನೆ? ಅದು ಸತ್ತವರ ಪಟ್ಟಿ. ಅದರಲ್ಲಿ ಹೆಸರು ಹೇಳಿದರೆ ನಾನೇ ಅವರನ್ನು ಕಳಿಸಿಕೊಟ್ಟ ಹಾಗೆ. ಹಣೆಯ ವಿಭೂತಿಯನ್ನು ಯಾರೂ ಪ್ರಶ್ನೆ ಮಾಡುವುದಿಲ್ಲ, ಕುಂಕುಮವನ್ನು ಮಾಡುತ್ತಾರೆ. ಮೂವತ್ತೆಂಟು ವರ್ಷ ಅಂಥ ಮಾತು ಕೇಳಿಯೂ ಕುಂಕುಮ ಇಟ್ಟಿದ್ದೇನೆ, ಕೈತುಂಬ ಹಸಿರು ಬಳೆ ಹಾಕಿದ್ದೇನೆ.

ಜೈಪಾಲರು ಬೇಸರ ಮಾಡಿಕೊಳ್ಳಲಿಲ್ಲ. "ಚಾಲಾ ಬಾಗುಂದಮ್ಮಾ" ಎಂದರು. ಏನು ಚೆನ್ನಾಗಿತ್ತೋ ನನಗೆ ತಿಳಿಯಲಿಲ್ಲ. ನಿನಗೆ ತಿಳಿದರೆ ಬರೆ.

ಅವ್ವ


ಹೈದರಾಬಾದ್
2 ಅಕ್ಟೋಬರ್ 2024

ಅವ್ವಾ,

ನಲವತ್ತು ನಿಮಿಷವನ್ನೂ ಕೇಳಿದೆ. ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಒಬ್ಬಳೇ ಕೂತು ನಾಲ್ಕು ಸಲ ಕೇಳಿದೆ. ಕರಪತ್ರ ನಕಲು ಮಾಡಿದ್ದನ್ನು ನೀನು ನನಗೆ ಇಷ್ಟು ವರ್ಷ ಹೇಳಿಯೇ ಇರಲಿಲ್ಲ. ನಿನ್ನ ಅಕ್ಷರ ಅಷ್ಟು ದುಂಡಗಿರುವುದು ಏಕೆಂದು ಈಗ ಗೊತ್ತಾಯಿತು.

ಹೆಸರಿನ ಚಿಂತೆ ಬಿಡು. ಸರ್ ಏನೋ ದಾರಿ ಕಂಡಿದ್ದಾರೆ. ಅಪ್ಪ ಸಿನಿಮಾದಲ್ಲಿ ಇರುತ್ತಾನೆ. ನಾನು ನೋಡಿಕೊಳ್ಳುತ್ತೇನೆ. ಅತ್ತೆಯ ತುಟಿ ವಾಸಿಯಾಯಿತೇ? ಅವಳನ್ನು ಮಾತಾಡಿಸು, ಹಿರಿಯಳು ನೀನು.

ಕೆಲಸ ತುಂಬ ಇದೆ. ಮುಂದೆ ಬರೆಯುತ್ತೇನೆ.

ಪ್ರೇಮಲಾ


ನಾರಾಯಣಖೇಡ್
16 ಜನವರಿ 2025

ಪ್ರೇಮಲಾ,

ಮೂರೂವರೆ ತಿಂಗಳಿನಿಂದ ನಿನ್ನ ಕಾಗದವಿಲ್ಲ. ದೀಪಾವಳಿಗೆ ಫೋನಿನಲ್ಲಿ ಎರಡು ಮಾತು, ಸಂಕ್ರಾಂತಿಗೆ ಅದೂ ಇಲ್ಲ. ಕೆಲಸವೆಂದುಕೊಂಡಿದ್ದೆ. ಈಗ ಕಾರಣ ಗೊತ್ತಾಗಿದೆ.

ನಿನ್ನೆ ಶಿವಕಾಂತಾಳ ಮಗ ಸಂಜೀವಕುಮಾರ ಹಬ್ಬಕ್ಕೆಂದು ಜಹೀರಾಬಾದಿನಿಂದ ಬಂದಿದ್ದ. ಮದುವೆ ವಿಡಿಯೋ ತೆಗೆಯುವವನಾದ್ದರಿಂದ ಅವನಿಗೆ ಸಿನಿಮಾದ ಗೀಳು. ಡಿಸೆಂಬರಿನಲ್ಲಿ ಹೈದರಾಬಾದಿನಲ್ಲಿ ನಿಮ್ಮ ಸಿನಿಮಾವನ್ನು ಮೊದಲ ಸಲ ತೋರಿಸಿದಾಗ ಹೋಗಿ ನೋಡಿ ಬಂದನಂತೆ. ಅಲ್ಲಿ ಕೊಟ್ಟ ಪುಸ್ತಿಕೆ ತಂದಿದ್ದ. ಎಳ್ಳು-ಬೆಲ್ಲದ ತಟ್ಟೆ ಪಕ್ಕಕ್ಕಿಟ್ಟು ಓದಿದೆ. ತೆಲುಗು ನನಗೂ ಬರುತ್ತದೆ, ನೀನು ಮರೆತಿರಬಹುದು.

ಮೂವತ್ತನೆಯದು ಮೊಗಲಪ್ಪ. ನಲವತ್ತೊಂದನೆಯ ಕಡೆ ಹೀಗೆ ಇದೆ: 'ಗಡಿಭಾಗದ ಒಬ್ಬ ಕನ್ನಡಿಗ. ಹೆಸರು ತಿಳಿದಿಲ್ಲ. ಹದಿನಾರು ಸೆಕೆಂಡು ಮೌನ.'

ತಿಳಿದಿಲ್ಲವೇ? ಯಾರಿಗೆ ತಿಳಿದಿಲ್ಲ? ನಿನಗೆ ತಿಳಿದಿಲ್ಲವೇ? ನಾನು ಹೇಳಲಿಲ್ಲ, ಸರಿ. ಹೇಳದಿರುವುದೂ ತಿಳಿಯದಿರುವುದೂ ಒಂದೇ ಏನು? ಇಡೀ ನಾಗಲಗಿದ್ದದ ಸೀಮೆಗೆ ಗೊತ್ತಿದ್ದ ಮನುಷ್ಯನನ್ನು ದಾರಿಯಲ್ಲಿ ಸಿಕ್ಕ ಅನಾಥ ಹೆಣದ ಹಾಗೆ ಬರೆದಿದ್ದಾರೆ. ಒಯ್ದವರು ಮಾಡಬೇಕೆಂದಿದ್ದೂ ಇದನ್ನೇ ಅಲ್ಲವೇ?

ನಾನು ಆಡಿದ ನಲವತ್ತು ನಿಮಿಷ ಎಲ್ಲಿ ಹೋಯಿತು? ಸಂಜೀವನನ್ನು ಕೇಳಿದರೆ, "ಮಾತೇನೂ ಇಲ್ರಿ ಅತ್ತಿ, ಬರೇ ಸುಮ್ಮ ಇರೂದು ಅದ. ಮಂದಿ ಅಳ್ಳಾಕತ್ತಿದ್ರು. ಎದ್ದು ನಿಂತು ಚಪ್ಪಾಳಿ ಹೊಡದ್ರು" ಎಂದ. ಹೆಸರೂ ಗೊತ್ತಿಲ್ಲದೆ ಅವರು ಯಾರಿಗಾಗಿ ಅತ್ತರು?

ಸುಳ್ಳು ಹೇಳದೆ ಬರೆ.

ಅವ್ವ


ಹೈದರಾಬಾದ್
29 ಜನವರಿ 2025

ಅವ್ವಾ,

ಕತ್ತರಿಸಿದವಳು ನಾನೇ.

ಸೆಪ್ಟೆಂಬರಿನ ಕೊನೆಯಲ್ಲಿ ನಾಲ್ಕನೆಯ ಸಲ ಕೇಳುವಾಗ, ಸರ್ ಹೆಸರು ಕೇಳಿದ ಮೇಲಿನ ಭಾಗದಲ್ಲಿ ನಿಂತುಬಿಟ್ಟೆ. ಫ್ಯಾನು ನಿಲ್ಲಿಸಿದ ಮನೆಯ ನಿಶ್ಶಬ್ದ. ಅತ್ತೆಯ ಅರ್ಧ ಮಾತು ತೆಗೆದುಹಾಕಿದೆ. ಉಳಿದದ್ದು ನಿನ್ನ ಬಳೆಯ ಸದ್ದು, ಆಮೇಲೆ ಉಸಿರು. ಹದಿನಾರು ಸೆಕೆಂಡು. ಅದನ್ನಷ್ಟೇ ಬೇರೆ ಮಾಡಿ ಸರ್‌ಗೆ ಕೇಳಿಸಿದೆ. ಅವರು ಕಣ್ಣು ಮುಚ್ಚಿ ಕೇಳಿದರು, ಎಲ್ಲರನ್ನೂ ಕರೆದು ಕೇಳಿಸಿದರು. ಆರು ವರ್ಷದಲ್ಲಿ ಮೊದಲ ಸಲ ನನ್ನನ್ನು ಎಲ್ಲರೆದುರು ಹೊಗಳಿದರು. ಆ ದಿನ ನಾನು ಹೊಟ್ಟೆತುಂಬ ಉಂಡೆ, ಅವ್ವಾ. ಅದನ್ನೂ ಮುಚ್ಚಿಡುವುದಿಲ್ಲ.

ಅಪ್ಪನ ಹೆಸರನ್ನು ಬರಹದಲ್ಲಾದರೂ ಹಾಕೋಣ ಎಂದು ಆಮೇಲೆ ಕೇಳಿದೆ. ಹೇಳದ ಹೆಸರು ಮೂಡಬಾರದು, ಒಬ್ಬರಿಗಾಗಿ ನಿಯಮ ಮುರಿದರೆ ಸಿನಿಮಾವೇ ಸುಳ್ಳಾಗುತ್ತದೆ ಎಂದರು. ಅತ್ತೆ ಹೇಳಲಿ ಎಂದೆ. "ಆ ಮೌನ ಈಗ ಸಿನಿಮಾದ ಬೆನ್ನೆಲುಬು. ದನಿಯಿಲ್ಲದ ಇಡೀ ಗಡಿಭಾಗ ಅದರಲ್ಲಿದೆ" ಎಂದರು. ಅವ್ವನಿಗೆ ದನಿ ಇದೆ, ನಲವತ್ತು ನಿಮಿಷ ಮಾತಾಡಿದ್ದಾಳೆ ಎಂದೆ. ಅವರು ನಕ್ಕು ನನ್ನ ಬೆನ್ನು ತಟ್ಟಿದರು. ಖಾನೆ ತುಂಬಿತ್ತು.

ಪುಸ್ತಿಕೆಯ ಕರಡು ಅಚ್ಚಿಗೆ ಹೋಗುವ ಮೊದಲು ನನ್ನ ಮೇಜಿಗೆ ಬಂದಿತ್ತು. 'ತಿಳಿದಿಲ್ಲ' ಎಂಬುದನ್ನು ನೋಡಿದೆ. ಪೆನ್ನು ಕೈಯಲ್ಲೇ ಇತ್ತು. ತಿದ್ದಲಿಲ್ಲ. ಹೆದರಿದೆ. ಇಲ್ಲಿ ನಾನೂ ಒಂದು ಖಾನೆಯೇ, ಅವ್ವಾ. ಗಡಿಯ ಕನ್ನಡದ ಹೆಣ್ಣುಮಗಳು ಎಂದೇ ನನ್ನನ್ನು ಎಲ್ಲರಿಗೂ ಪರಿಚಯಿಸುತ್ತಾರೆ. ಆ ಖಾನೆಗೆ ಇನ್ನೊಬ್ಬಳನ್ನು ಹುಡುಕುವುದು ಕಷ್ಟವಲ್ಲ.

ಸಿನಿಮಾದ ಕೊನೆಯಲ್ಲಿ ಕೆಲಸ ಮಾಡಿದವರ ಪಟ್ಟಿ ಬರುತ್ತದೆ. ಅದರಲ್ಲಿ 'ಸಂಕಲನ: ಪ್ರೇಮಲಾ ಮಾಣಿಕಪ್ಪ' ಎಂದಿದೆ. ಅಪ್ಪನ ಹೆಸರು ಅಲ್ಲೊಂದೇ ಕಡೆ ಬರುವುದು, ಜನ ಎದ್ದು ಚಪ್ಪಲಿ ಹುಡುಕುವಾಗ.

ಸಿನಿಮಾ ಹೊರದೇಶಕ್ಕೆ ಹೋಗುವ ಮುಂಚೆ ಮಾರ್ಚ್‌ವರೆಗೆ ಸಣ್ಣಪುಟ್ಟ ತಿದ್ದುಪಡಿ ನಡೆಯುತ್ತದೆ. ನೀನು ಒಂದು ಸಲ ಹೇಳಿದರೆ, ನಾನು ಅವರ ಕಾಲು ಹಿಡಿದಾದರೂ ಸೇರಿಸುತ್ತೇನೆ. ಕೇಳಲು ನನಗೆ ಯಾವ ಮುಖವೂ ಇಲ್ಲ. ಆದರೂ ಕೇಳುತ್ತಿದ್ದೇನೆ.

ಪ್ರೇಮಲಾ


ನಾರಾಯಣಖೇಡ್
21 ಫೆಬ್ರವರಿ 2025

ಪ್ರೇಮಲಾ,

ನಿನ್ನ ಕಾಗದ ಬಂದ ಮೇಲೆ ಎರಡು ವಾರ ಯಾರ ಮುಖವನ್ನೂ ನೋಡಬೇಕೆನಿಸಲಿಲ್ಲ. ನಿನ್ನ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ. ಆದರೆ ಮೊದಲು ಶಿವಕಾಂತಾಳ ಬಾಯಿ ಮುಚ್ಚಿದವಳು ನಾನು. ನೀನು ಕತ್ತರಿಸಿದ್ದು ಆಮೇಲಿನ ಮಾತು. ಅಂದು ನಾನು ಕೈ ಚಾಚದೇ ಇದ್ದಿದ್ದರೆ ಇವತ್ತು ಅವರ ಹೆಸರು ಬಿಳಿ ಅಕ್ಷರದಲ್ಲಿ ಇರುತ್ತಿತ್ತು. ಇದನ್ನು ಯೋಚಿಸಿದಾಗಲೆಲ್ಲ ನನ್ನ ಕೈಯನ್ನೇ ನೋಡಿಕೊಳ್ಳುತ್ತೇನೆ.

ಭೀಮಮ್ಮ ಬಂದಿದ್ದಳು. ಪುಸ್ತಿಕೆಯ ವಿಷಯ ಹೇಳಿದೆ. ಅವಳು, "ಅವ್ವಾರ, ನನ್ನ ಗಂಡ ಸತ್ತಾನ, ಆದ್ರ ಮೊಗಲಪ್ಪ ಅಂತ ಸತ್ತಾನ. ನಿಮ್ಮ ಯಜಮಾನ್ರು ಯಾರಂತ ಸಾಯ್ಬೇಕು?" ಎಂದಳು. ನಾನು ಎದ್ದು ಒಳಗೆ ಹೋಗಿ ಅತ್ತುಬಿಟ್ಟೆ.

ಮೊನ್ನೆ ಬಳೆ ತೆಗೆದೆ. ಒಡೆಯಲಿಲ್ಲ. ಸೋಪು ಹಚ್ಚಿ ಒಂದೊಂದಾಗಿ ತೆಗೆದೆ, ಕೈ ದಪ್ಪಗಾಗಿದೆ. ಹಣೆಗೆ ವಿಭೂತಿ ಮಾತ್ರ ಹಚ್ಚಿಕೊಂಡು ಶಿವಕಾಂತಾಳೊಡನೆ ಬಸ್ ಹತ್ತಿ ಜಹೀರಾಬಾದಿಗೆ ಹೋದೆ. ಸಂಜೀವನ ಸ್ಟುಡಿಯೋದಲ್ಲಿ ಮದುಮಕ್ಕಳನ್ನು ನಿಲ್ಲಿಸಿ ಫೋಟೋ ತೆಗೆಯುವ ಜಲಪಾತದ ಪರದೆ ಇದೆ. ಅದರ ಎದುರಿಗೆ ಮೈಕು ಇಟ್ಟ. ಮೊದಲ ಸಲ ದನಿ ಹೊರಡಲಿಲ್ಲ. ಎರಡನೆಯ ಸಲವೂ ಇಲ್ಲ. ಆಗ ಶಿವಕಾಂತಾ ಎದ್ದು ಹೋಗಿ ಸ್ಟುಡಿಯೋದ ಬಾಗಿಲಲ್ಲಿ ಎರಡೂ ಕೈ ಅಡ್ಡ ಹಿಡಿದು ನಿಂತಳು. ಐವತ್ತೊಂಬತ್ತು ವರ್ಷದವಳು, ಮೊಣಕಾಲು ನೋವಿನವಳು. "ನಮ್ಮ ಅಣ್ಣನ ಹೆಸರ ಹೇಳು ವೈನಿ, ಇಲ್ಲಂದ್ರ ಬಿಡಂಗಿಲ್ಲ" ಎಂದಳು. ನಗುತ್ತಲೇ ಅಂದಳು, ಕಣ್ಣಲ್ಲಿ ನೀರು ಸುರಿಯುತ್ತಿತ್ತು.

ಹೇಳಿದೆ. ಅಂದಿನ ಒಡಪನ್ನೇ ಹೇಳಿದೆ. ಸಂಜೀವ ನಿನ್ನ ಫೋನಿಗೆ ಕಳಿಸಿದ್ದಾನೆ.

ಹೇಳಿ ಮುಗಿಸಿದ ಕೂಡಲೇ ನನಗೆ ತಿಳಿಯಿತು, ಅವರು ಇನ್ನು ಬರುವುದಿಲ್ಲ. ಮೂವತ್ತೆಂಟು ವರ್ಷ ಜನ ಹೇಳಿದರೂ ತಿಳಿಯದ್ದು ನನ್ನ ಬಾಯಿಂದಲೇ ತಿಳಿಯಿತು. ಬಸ್ಸಿನಲ್ಲಿ ವಾಪಸ್ ಬರುವಾಗ ಕೈ ಹಗುರವಾಗಿತ್ತು, ಆ ಹಗುರವನ್ನು ತಡೆದುಕೊಳ್ಳಲಾಗಲಿಲ್ಲ.

ಮುಂದಿನ ಬುಧವಾರ ಶಿವರಾತ್ರಿ. ಉಪವಾಸ ಮಾಡುವುದಾದರೆ ಬರೀ ಹೊಟ್ಟೆಯಲ್ಲಿ ಚಹಾ ಕುಡಿಯಬೇಡ. ಇದನ್ನು ಸೇರಿಸಿಬಿಡು, ತಾಯಿ. ನಾನು ಕೊಡಬಹುದಾದದ್ದನ್ನು ಕೊಟ್ಟಿದ್ದೇನೆ, ಇನ್ನೇನೂ ಉಳಿದಿಲ್ಲ.

ಅವ್ವ


ಹೈದರಾಬಾದ್
24 ಮಾರ್ಚ್ 2025

ಅವ್ವಾ,

ಸರ್ ಎರಡು ಸಲ ಕೇಳಿದರು. ಬಹಳ ಚೆನ್ನಾಗಿದೆ ಎಂದರು, ಕಣ್ಣೊರೆಸಿಕೊಂಡರು. ಆದರೆ ಹಾಡಿನ ಹಾಗಿದೆ, ಉಳಿದ ನಲವತ್ತು ದನಿಗಳ ಜೊತೆ ಕೂಡುವುದಿಲ್ಲ ಎಂದರು. ಹೊರದೇಶದಲ್ಲಿ ಸಿನಿಮಾವನ್ನು ಆರಿಸಿದವರು ಆ ಮೌನದ ಬಗ್ಗೆಯೇ ಬರೆದಿದ್ದಾರಂತೆ. ಈಗ ಅದನ್ನು ಮುಟ್ಟಲಾಗದು.

ಹಾಗಾದರೆ ನಮ್ಮ ಭಾಗವನ್ನು ಪೂರ್ತಿ ತೆಗೆದುಬಿಡಿ ಎಂದೆ. ಕನ್ನಡದವರು ಒಬ್ಬರೂ ಇಲ್ಲದಂತಾಗುತ್ತದೆ, ಅದು ಅನ್ಯಾಯ ಎಂದರು.

ಕೆಲಸ ಬಿಟ್ಟು ಬಂದೆ ಎಂದು ಬರೆಯಬೇಕೆಂದು ಮೂರು ದಿನ ಕೂತೆ. ಬರೆಯಲಾರೆ. ಬಿಟ್ಟಿಲ್ಲ. ಮುಂದಿನ ಸಿನಿಮಾಕ್ಕೂ ನನ್ನನ್ನೇ ತೆಗೆದುಕೊಂಡಿದ್ದಾರೆ.

ಏಪ್ರಿಲ್ 13, ಭಾನುವಾರ ಮಧ್ಯಾಹ್ನ ತಾಂಡೂರಿನಲ್ಲಿ ಪ್ರದರ್ಶನವಿದೆ, ಒಂದು ಫಂಕ್ಷನ್ ಹಾಲ್‌ನಲ್ಲಿ. ಸತ್ತವರ ಮನೆಯವರನ್ನೆಲ್ಲ ಕರೆದು ಶಾಲು ಹೊದಿಸುತ್ತಾರೆ. ಭೀಮಮ್ಮಳಿಗೆ ಕರೆ ಹೋಗಿದೆ. ನಿನಗೆ ಇಲ್ಲ. ಹೆಸರು ತಿಳಿಯದವರಿಗೆ ಮನೆಯವರನ್ನು ಎಲ್ಲಿಂದ ತರುವುದು ಎಂದು ಪಟ್ಟಿ ಮಾಡಿದವರು ಬಿಟ್ಟಿದ್ದಾರೆ. ನಾನು ಸೇರಿಸಬಹುದಿತ್ತು. ನೀನು ಬಂದು ಅದನ್ನು ನೋಡುವುದು ಬೇಡವೆಂದು ಸೇರಿಸಲಿಲ್ಲ. ಬರಬೇಡ, ಅವ್ವಾ.

ಪ್ರೇಮಲಾ


ನಾರಾಯಣಖೇಡ್
15 ಏಪ್ರಿಲ್ 2025

ಪ್ರೇಮಲಾ,

ಬಂದಿದ್ದೆ. ನಿನಗೆ ಗೊತ್ತು. ಆದರೂ ನೀನು ಕೂತ ಜಾಗದಿಂದ ಏನೇನು ಕಂಡಿತೋ ನಾನರಿಯೆ, ಅದಕ್ಕೆ ಬರೆಯುತ್ತೇನೆ.

ಭೀಮಮ್ಮ, ಶಿವಕಾಂತಾ, ನಾನು ಬೆಳಿಗ್ಗೆಯೇ ಹೊರಟೆವು. ಬಸ್ಸಿನಲ್ಲಿ ಹೆಂಗಸರಿಗೆ ಕೊಡುವ ಪುಕ್ಕಟೆ ಟಿಕೆಟ್ಟಿಗೆ ಆಧಾರ್ ಕಾರ್ಡು ತೋರಿಸಬೇಕಲ್ಲ. ಕಂಡಕ್ಟರ್ ನನ್ನದನ್ನು ನೋಡಿ, "ಮಾಣಿಕಪ್ಪ ಅಂದ್ರೆ ನಮ್ಮ ಮಾವನ ಹೆಸರೂ ಅದೇ" ಎಂದು ನಕ್ಕ. ಹೆಸರು ಎಷ್ಟು ಸುಲಭವಾಗಿ ಅವನ ಬಾಯಿಗೆ ಬಂತು.

ತಾಂಡೂರಿನ ಬಿಸಿಲು, ಕಲ್ಲುಗಣಿಯ ಪುಡಿ. ಹಾಲ್‌ನ ಕಿಟಕಿಗೆಲ್ಲ ಕಪ್ಪು ಬಟ್ಟೆ ಕಟ್ಟಿ ಕತ್ತಲು ಮಾಡಿದ್ದರು. ಭೀಮಮ್ಮಳಿಗೆ ಮುಂದಿನ ಸಾಲು. ನಮ್ಮನ್ನೂ ಅವಳು ಎಳೆದುಕೊಂಡು ಹೋಗಿ ಪಕ್ಕದಲ್ಲಿ ಕೂರಿಸಿದಳು. ಸಿನಿಮಾ ಚೆನ್ನಾಗಿದೆ, ಪ್ರೇಮಲಾ. ಸುಳ್ಳು ಹೇಳುವುದಿಲ್ಲ. ಒಂದೊಂದು ಹೆಸರು ಬಂದಾಗಲೂ ತುಟಿಯಲ್ಲೇ ಓದಿಕೊಂಡೆ. ಭೀಮಮ್ಮಳ ದನಿ ಬಂತು, ಅಕ್ಷರ ಮೂಡಿತು. "ಏನಂತ ಬರದಾರ?" ಎಂದು ನನ್ನ ಕಿವಿಯಲ್ಲಿ ಕೇಳಿದಳು. "ಮೊಗಲಪ್ಪ" ಎಂದು ಓದಿ ಹೇಳಿದೆ. ಅವಳು ಪರದೆಗೆ ಕೈ ಮುಗಿದಳು.

ಕೊನೆಯಲ್ಲಿ ಕತ್ತಲಾಯಿತು. ನನ್ನ ಬಳೆಯ ಸದ್ದು ಕೇಳಿಸಿತು. ಆ ಬಳೆಗಳು ಈಗ ಕಪಾಟಿನಲ್ಲಿವೆ. ಆಮೇಲೆ ಉಸಿರು. ಇಡೀ ಸಭೆ ಉಸಿರು ಹಿಡಿದು ಕೂತಿತ್ತು. ಅದು ನನ್ನದೇ ಮೌನ, ಅದನ್ನು ಮುರಿಯಲು ಯಾರ ಅಪ್ಪಣೆ ಬೇಕು ಎನಿಸಿತು. ಎದ್ದು ನಿಂತೆ. ಸೆರಗು ತಲೆಯ ಮೇಲೆ ಎಳೆದುಕೊಂಡು, ನಮ್ಮ ಮಂಜೀರಿ ಹೊಳೆಯ ಆ ಒಡಪನ್ನೇ ಗಟ್ಟಿಯಾಗಿ ಹೇಳಿದೆ:

ಮಂಜೀರಿ ನೀರ ತಂದೀನಿ, ಬಿಂದಿಗಿ ಹಿಡ್ರಿ,
ಮಾಣಿಕಪ್ಪರ ಹೆಸರ ಹೇಳೀನಿ, ಬಾಗಿಲ ಬಿಡ್ರಿ.

ಪರದೆ ನೋಡಿದೆ. ಬಾಯಿಬಿಟ್ಟು ಹೇಳಿದರೆ ಮೂಡುತ್ತದೆ ಎಂದಿದ್ದೆಯಲ್ಲ. ಮೂಡಲಿಲ್ಲ. ಯಂತ್ರಕ್ಕೆ ಕಿವಿ ಇರುವುದಿಲ್ಲವೆಂದು ನನಗೂ ಗೊತ್ತು. ಆದರೂ ನೋಡಿದೆ.

ಹಿಂದಿನಿಂದ "ಷ್" ಎಂದರು. "ಕೂರ್ಚೋ ಅಮ್ಮಾ, ಸಿನಿಮಾ ನಡುಸ್ತೋಂದಿ" ಎಂದು ಒಬ್ಬರು ಕೂರುವಂತೆ ಗದರಿದರು. ಬ್ಯಾಟರಿ ಹಿಡಿದ ಹೆಣ್ಣುಮಗಳೊಬ್ಬಳು ಬಂದು ಮೆತ್ತಗೆ ನನ್ನ ತೋಳು ಹಿಡಿದಳು. ಸೆಕೆಗೆ ತಲೆ ತಿರುಗಿದೆ ಎಂದುಕೊಂಡಳೋ ಏನೋ. ಅವಳೊಡನೆ ಹೋಗುತ್ತ ನಾನು ತಿರುಗಿ ನೋಡಿದೆ. ನೀನು ಹಿಂದೆ, ಯಂತ್ರದ ಬೆಳಕಿನ ಪಕ್ಕದಲ್ಲಿ ಕೂತಿದ್ದೆ. ತಲೆ ತಗ್ಗಿಸಿದ್ದೆ. ಜೈಪಾಲರು ನಿನ್ನ ಕಿವಿಯಲ್ಲಿ ಏನೋ ಕೇಳಿದರು, ನೀನು ತಲೆ ಅಲ್ಲಾಡಿಸಿದೆ. ಕತ್ತಲಲ್ಲಿ, ಸೆರಗು ಹೊದ್ದ ನನ್ನ ಗುರುತು ಸಿಗದೆ, ಯಾರು ಆ ಮುದುಕಿ ಎಂದು ಕೇಳಿರಬೇಕು. ನೀನು ಏನು ಹೇಳಿದೆಯೆಂದು ನಾನು ಕೇಳುವುದಿಲ್ಲ. ಬರೆಯಲೂ ಬೇಡ.

ಬಾಗಿಲು ತೆರೆದು ಹೊರಗಿನ ಬೆಂಚಿನ ಮೇಲೆ ಕೂರಿಸಿದರು. ಆ ಹೆಣ್ಣುಮಗಳು ನೀರು ಕೊಟ್ಟು, ಜೊತೆಗೆ ಮನೆಯವರು ಯಾರಾದರೂ ಬಂದಿದ್ದಾರೆಯೇ ಎಂದು ವಿಚಾರಿಸಿದಳು. ಕುಂಟುತ್ತ ಬಂದ ಶಿವಕಾಂತಾಳನ್ನು ತೋರಿಸಿದೆ. ಒಳಗೆ ಚಪ್ಪಾಳೆ ಕೇಳಿಸಿತು, ಬಹಳ ಹೊತ್ತು. ಶಾಲು ಹೊದ್ದುಕೊಂಡು ಬಂದ ಭೀಮಮ್ಮ ಅದನ್ನು ತೆಗೆದು ನನಗೆ ಹೊದಿಸಲು ನೋಡಿದಳು. ನಾನು ಬೇಡವೆಂದೆ, ಅದು ಮೊಗಲಪ್ಪನದು.

ನಿನ್ನ ಮೇಲೆ ಈಗ ಸಿಟ್ಟಿಲ್ಲ. ಸಿಟ್ಟಿಗೂ ಏನೋ ಒಂದು ಆಸೆ ಬೇಕು.

ಮನೆಗೆ ಬಂದ ಮೇಲೆ ರೊಟ್ಟಿಯನ್ನು ಎಷ್ಟು ಬೇಕೋ ಅಷ್ಟೇ ತಟ್ಟುತ್ತಿದ್ದೇನೆ. ಇಬ್ಬರಿಗೆ ನಾಲ್ಕು. ಹೆಚ್ಚಿಗೆ ಒಂದು ತಟ್ಟಿ ಮುಚ್ಚಿಡುವುದಿಲ್ಲ. ಇವತ್ತು ಬೆಳಿಗ್ಗೆ ಶಿವಕಾಂತಾ ಚಹಾದ ಕಪ್ಪು ಹಿಡಿದುಕೊಂಡು ಬುಟ್ಟಿಯ ಮುಚ್ಚಳ ತೆಗೆದಳು, ನೋಡಿದಳು, ಮತ್ತೆ ಮುಚ್ಚಿದಳು. ನೀನು ಎಂದಾದರೂ ಬರುವುದಿದ್ದರೆ ಮೊದಲೇ ತಿಳಿಸು, ನಿನ್ನ ಪಾಲಿನ ಹಿಟ್ಟು ಕಲಸಬೇಕಾಗುತ್ತದೆ.

ಪಾರ್ವತಿಬಾಯಿ ಮಾಣಿಕಪ್ಪ